ಹಿಮವಿಲ್ಲದ ತಿಂಗಳುಗಳು

ಮೇ 9, 2009, ಶನಿವಾರ

ಇಂಚರ ಬಂದಳು. ಯೂಟಾದ ಹಿಮಬೆಟ್ಟಗಳಿಂದ ಅರ್ಧ ದೇಶ ದಾಟಿ ಇಲ್ಲಿ ಕ್ಯಾಂಟನ್‌ವರೆಗೆ ಪಿಕಪ್ ಟ್ರಕ್ಕನ್ನು ಒಬ್ಬಳೇ ಓಡಿಸಿಕೊಂಡು ಬಂದಿದ್ದಾಳೆ. ಮಗಳು ಬಂದಳೆಂಬ ಸಂತೋಷದಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿದು ಹೋದರೆ, ಟ್ರಕ್ಕಿನ ಹಿಂಭಾಗದಲ್ಲಿ ಸ್ಕೀಗಳ ಉದ್ದನೆಯ ಚೀಲದ ಪಕ್ಕ ಕೆಸರು ಮೆತ್ತಿದ ಒಂದು ಮೋಟರ್‌ಬೈಕು ನಿಂತಿದೆ. ಅದಕ್ಕೆ ದೀಪವಿಲ್ಲ, ಕನ್ನಡಿಯಿಲ್ಲ.

“ಇದೇನಿದು?” ಅಂದೆ.

“ಡರ್ಟ್ ಬೈಕ್ ಅಪ್ಪ. ಸಮ್ಮರ್ ಪೂರ್ತಿ ಮೋಟೋಕ್ರಾಸ್ ರೇಸ್ ಮಾಡ್ತೀನಿ. ಸ್ಕೀಯಿಂಗ್‌ಗೆ ಬೆಸ್ಟ್ ಟ್ರೇನಿಂಗ್.”

ಚಳಿಗಾಲದಲ್ಲಿ ಕಾಲು ಮುರಿದುಕೊಳ್ಳುವುದಕ್ಕೆ ಬೇಸಿಗೆಯಲ್ಲಿ ಅಭ್ಯಾಸ! ಯೂನಿವರ್ಸಿಟಿಯಲ್ಲಿ ಮೂರನೇ ವರ್ಷದ ಇಂಜಿನಿಯರಿಂಗನ್ನು ಅರ್ಧಕ್ಕೆ ಬಿಟ್ಟು ಹೋದವಳಿಗೆ ಈಗ ಇಪ್ಪತ್ತಾರು. ವೃತ್ತಿ ಸ್ಕೀ ಕ್ರಾಸ್ ಅಂತೆ. ನಾಲ್ಕು ಜನ ಒಟ್ಟಿಗೆ ಹಿಮದ ಬೆಟ್ಟದಿಂದ ಕೆಳಗೆ ನುಗ್ಗುತ್ತಾರೆ. ದಿಬ್ಬಗಳ ಮೇಲೆ ಹಾರುತ್ತಾರೆ, ತಿರುವುಗಳಲ್ಲಿ ಒಬ್ಬರ ಮೈಮೇಲೊಬ್ಬರು ಬೀಳುತ್ತಾರೆ. ಯಾರು ಮೊದಲು ಕೆಳಗೆ ತಲುಪುತ್ತಾರೋ ಅವರು ಗೆದ್ದರು. ಇದನ್ನು ವೃತ್ತಿ ಎನ್ನುವುದಾದರೆ ಮೈಸೂರಿನಲ್ಲಿ ನಾವು ಬಸ್ಸು ಹತ್ತುತ್ತಿದ್ದುದೂ ವೃತ್ತಿಯೇ.

ಈ ವರ್ಷ ಅವಳಿಗೆ ಸ್ಕೀ ಕೊಡುತ್ತಿದ್ದ ಕಂಪನಿ ಅವಳನ್ನು ಕೈಬಿಟ್ಟಿದೆ. ನನ್ನ ಕಂಪನಿ ನನ್ನನ್ನು ಫೆಬ್ರವರಿಯಲ್ಲಿ ಕೈಬಿಟ್ಟಿತು. ಕಾರಿನ ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗುಗಳನ್ನು ಬಿಟ್ಟು ಬೇರೇನನ್ನೂ ಯೋಚಿಸದೆ ಅಲ್ಲಿ ಜೀವನ ಕಳೆದಿದ್ದೆ. ಹೊರಗೆ ಕಳಿಸುವಾಗ ನನಗಿಂತ ಅರ್ಧ ವಯಸ್ಸಿನ ಹುಡುಗಿ ಬಾಗಿಲವರೆಗೆ ಕಾವಲಿಗೆ ಬಂದಳು, ನಾನೇನೋ ಸ್ಪ್ರಿಂಗ್ ಕದ್ದುಕೊಂಡು ಹೋಗುತ್ತೇನೆ ಎಂಬಂತೆ.

ಊಟದ ಹೊತ್ತಿನಲ್ಲಿ ಇಂಚರಳಿಗೆ ನೇರವಾಗಿ ಹೇಳಿದೆ: “ಸಾಕು ಕಣಮ್ಮ, ನಿಲ್ಸು. ಓದು ಮುಗಿಸು, ಒಂದು ಕಡೆ ಸೆಟ್ಲ್ ಆಗು.” ಅವಳು ಇನ್ನೊಂದು ಸೌಟು ಹುಳಿ ಹಾಕಿಕೊಂಡಳು. ಪದ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಹೆಂಡತಿಯೂ ಅವಳ ಕಡೆಗೇ.

ಮೇ 17, ಭಾನುವಾರ

ಸೌತ್ ಲಯನ್‌ಗೆ ಹೋಗಿದ್ದೆವು, ನಮ್ಮ ಮನೆ ನೋಡಲು. ಮನೆ ಎನ್ನಬೇಕೋ, ಮರದ ಅಸ್ಥಿಪಂಜರ ಎನ್ನಬೇಕೋ. ಡಿಯರ್‌ಬಾರ್ನಿನ ಹಳೆಯ ಮನೆ ಮಾರಿ, ಇದು ಮುಗಿಯುವವರೆಗೆ ಎಂದು ಅಪಾರ್ಟ್‌ಮೆಂಟಿಗೆ ಬಂದೆವು. ಇದು ಮುಗಿಯಲಿಲ್ಲ, ಬಿಲ್ಡರ್ ಮುಗಿದ. ಅವನ ಫೋನು ಸತ್ತಿದೆ, ಆಫೀಸಿಗೆ ಬೀಗ. ಇಡೀ ಬಡಾವಣೆಯಲ್ಲಿ ಜನ ಇರುವುದು ಎರಡೇ ಮನೆಯಲ್ಲಿ. ಉಳಿದ ಸೈಟುಗಳಲ್ಲಿ ಬಾತುಗಳು ಸಂಸಾರ ಹೂಡಿವೆ. ನಮ್ಮ ಮನೆಯ ಗೋಡೆಗೆ ಸುತ್ತಿದ ಬಿಳಿ ಹೊದಿಕೆ ಹರಿದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಇಂಚರ ಏಣಿ ಹಾಕಿ ಮೇಲೆ ಹತ್ತಿದಳು. ಬಾ ಎಂದರೂ ಇಳಿಯಲಿಲ್ಲ. ಮಾಡಿನ ಹಲಗೆಗಳ ಮೇಲೆ ಅಲ್ಲಲ್ಲಿ ಕಾಲಿಂದ ಒದ್ದು ನೋಡಿ, ಕೂಗಿ ಹೇಳಿದಳು:

“ಫ್ರೇಮ್ ಗಟ್ಟಿಯಾಗಿದೆ ಅಪ್ಪ! ಒಳಗೆ ಪೈಪು, ವೈರು ಎಲ್ಲಾ ಎಳೆದಿದಾರೆ. ಆದ್ರೆ ರೂಫ್ ಮೇಲೆ ಶಿಂಗಲ್ಸ್ ಹೊದಿಸ್ದೆ ಇನ್ನೊಂದು ವಿಂಟರ್ ಬಿಟ್ರೆ ಕೊಳೆತು ಹೋಗತ್ತೆ. ನಾವೇ ಮುಗಿಸೋಣ.”

“ನಾವು ಅಂದ್ರೆ ಯಾರು?”

“ನಾನು, ನೀನು. ರಜಾ ದಿನ ಅಮ್ಮ.”

“ನಿನಗೆ ಮನೆ ಕಟ್ಟೋಕೆ ಎಲ್ಲಿಂದ ಬರತ್ತೆ?”

ಅವಳು ಮಾಡಿನ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. “ಹಿಮ ಇಲ್ಲದ ತಿಂಗಳಲ್ಲಿ ನಾನು ಏನು ತಿಂತೀನಿ ಅಂದ್ಕೊಂಡಿದ್ದೆ ಅಪ್ಪ? ಆರು ಸಮ್ಮರ್‌ನಿಂದ ರೂಫಿಂಗ್ ಕೆಲಸ ಮಾಡ್ತಿದೀನಿ.”

ನನಗೆ ಯಾರೂ ಹೇಳಿಲ್ಲ. ಪದ್ಮಳಿಗೆ ಗೊತ್ತಿತ್ತಂತೆ. ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತದ ಗುಟ್ಟು ಕಾಪಾಡಿ ಕಾಪಾಡಿ ಇವಳಿಗೆ ಮನೆಯಲ್ಲೂ ಅದೇ ರೂಢಿಯಾಗಿದೆ.

ರಾತ್ರಿ ಶಾಮ್‌ಬರ್ಗಿನಲ್ಲಿರುವ ಮಗ ವಿಶ್ರುತನ ಫೋನು. “ಅಪ್ಪ, ಅದು ಡೆಡ್ ಇನ್ವೆಸ್ಟ್‌ಮೆಂಟ್. ಬಿಟ್ಬಿಟ್ಟು ಇಲ್ಲಿಗೆ ಬಂದ್ಬಿಡಿ.” ಐ.ಟಿ. ಕನ್ಸಲ್ಟೆಂಟು, ಸಲಹೆ ಕೊಡುವುದೇ ಅವನ ಕಸುಬು, ನನಗೆ ಪುಕ್ಕಟೆ ಕೊಡುತ್ತಾನೆ. ನನ್ನ ಮನೆ ಸತ್ತಿದೆ ಎನ್ನಲು ಇವನಾರು? ಆ ಕೋಪದಲ್ಲೇ ಇಂಚರಳಿಗೆ, ಆಯಿತು, ಟೌನ್‌ಶಿಪ್ ಆಫೀಸಿಗೆ ಹೋಗಿ ಪರ್ಮಿಟ್ ನನ್ನ ಹೆಸರಿಗೆ ಮಾಡಿಸೋಣ ಎಂದುಬಿಟ್ಟೆ.

ಜೂನ್ 2, ಮಂಗಳವಾರ

ಮಾಡಿನ ಮೇಲೆ ಒಂದು ವಾರ. ಮೈಯಲ್ಲಿ ನೋಯದ ಜಾಗವಿಲ್ಲ. ಬೀಳದಿರಲು ಮೈಗೆ ಹಾರ್ನೆಸ್ ಎಂಬ ಪಟ್ಟಿ ಬೇರೆ. “ಹಾರ್ನೆಸ್ ಹಾಕ್ಕೋ ಅಪ್ಪ. ಕೆಳಗೆ ನೋಡ್ಬೇಡ ಅಪ್ಪ. ಮೊಳೆ ಸೊಟ್ಟ ಹೋಯ್ತು, ಕೀಳು ಅಪ್ಪ.” ನನ್ನ ಕೈಕೆಳಗೆ ಹದಿನೈದು ಜನ ಇಂಜಿನಿಯರುಗಳಿದ್ದರು. ಅವರಲ್ಲಿ ಒಬ್ಬರಿಗೂ ನಾನು ಈ ದನಿಯಲ್ಲಿ ಮಾತಾಡಿರಲಿಲ್ಲ.

ಮೊಳೆ ಸೊಟ್ಟ ಹೋಗಿದ್ದು ನಿಜ.

ಜೂನ್ 7, ಭಾನುವಾರ

ಇವತ್ತು ಇಂಚರಳ ರೇಸು, ಪದ್ಮಳಿಗೆ ಡ್ಯೂಟಿ. “ಅವಳ ಜೊತೆ ಒಬ್ರಾದ್ರೂ ಇರ್ಬೇಕು, ನೀವು ಹೋಗಿ” ಎಂದು ಅಟ್ಟಿದಳು. ಐ-94 ಹೆದ್ದಾರಿಯಲ್ಲಿ ಬ್ಯಾಟಲ್ ಕ್ರೀಕ್ ದಾಟಿ, ಒಂದು ಎಕ್ಸಿಟ್ ತೆಗೆದುಕೊಂಡು ಜೋಳದ ಹೊಲಗಳ ನಡುವೆ ಹೋದರೆ ಮೋಟೋಕ್ರಾಸ್ ಟ್ರ್ಯಾಕು. ಮಣ್ಣನ್ನು ಒಟ್ಟಿ ಒಟ್ಟಿ ಗುಡ್ಡ ಮಾಡಿದ್ದಾರೆ, ಅದರ ಮೇಲೆ ಜನ ಬೈಕಿನಲ್ಲಿ ಹಾರುತ್ತಾರೆ. ಕಿವಿ ತೂತು ಬೀಳುವ ಸದ್ದು, ಹುರಿದ ಮಾಂಸದ ವಾಸನೆ. ನಾನು ಮೊಸರನ್ನದ ಡಬ್ಬಿ ಹಿಡಿದು ಬೇಲಿಯ ಪಕ್ಕ ನಿಂತಿದ್ದೆ.

ಹೆಂಗಸರ ರೇಸಿನಲ್ಲಿ ಇಂಚರ ಏಳನೆಯವಳಾಗಿ ಬಂದಳು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಆ ಬೈಕಿನ ಮುಂದಿನ ಚಕ್ರ ಪ್ರತಿಯೊಂದು ಉಬ್ಬಿಗೂ ಚೆಂಡಿನಂತೆ ಪುಟಿಯುತ್ತಿತ್ತು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಅವಳು ಬರೀ ತೋಳಿನ ಬಲದಲ್ಲಿ ಅದನ್ನು ಜಗ್ಗಿಕೊಂಡು ಓಡಿಸುತ್ತಿದ್ದಳು.

“ಈ ಸ್ಪ್ರಿಂಗ್ ಹಾಕಿದ ಮುಠ್ಠಾಳ ಯಾರು?” ಎಂದು ಕೇಳಿದೆ.

“ಮಾರಿದವನು ಇರ್ಬೇಕು. ನನ್ನ ಡಬಲ್ ಇದ್ದ.”

“ಅವನ ತೂಕಕ್ಕೆ ಕೂಡಿಸಿದ ಸ್ಪ್ರಿಂಗ್ ಮೇಲೆ ನೀನು ಹಾರ್ತಿದೀಯಾ? ಕೈ ಉಳಿದಿದೆಯಾ?”

ಗ್ಲವ್ಸ್ ತೆಗೆದಳು. ಅಂಗೈ ತುಂಬ ಬೊಬ್ಬೆ. ಮೊಸರನ್ನವನ್ನು ಚಮಚದಲ್ಲಿ ತಿಂದಳು.

ಜೂನ್ 11, ಗುರುವಾರ

ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಿಚ್ಚಿ ಅವಳ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿದೆ, ಎಣ್ಣೆ ಬದಲಿಸಿದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದು ಪಾರ್ಕಿಂಗ್ ಲಾಟಿನಲ್ಲಿ ರಿಪೇರಿ ಮಾಡಕೂಡದು ಎಂದ. ಎಲ್ಲವನ್ನೂ ಸೌತ್ ಲಯನ್ನಿನ ಗರಾಜಿಗೆ ಸಾಗಿಸಿದೆವು. ಸದ್ಯಕ್ಕೆ ಆ ಮನೆಯಲ್ಲಿ ಕೆಲಸಕ್ಕೆ ಬರುವ ಕೋಣೆ ಅದೊಂದೇ.

ಇದು ರೇಸಿಗೆ ಕೊಟ್ಟ ಪ್ರೋತ್ಸಾಹವಲ್ಲ. ಕೆಟ್ಟ ಇಂಜಿನಿಯರಿಂಗನ್ನು ಕಣ್ಣಾರೆ ಕಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ, ಅಷ್ಟೆ.

ಜೂನ್ 21, ಭಾನುವಾರ. ಶಾಮ್‌ಬರ್ಗ್

ಫಾದರ್ಸ್ ಡೇ ಎಂದು ವಿಶ್ರುತ ಮತ್ತು ಸೊಸೆ ತನ್ಮಯಿ ಕರೆದಿದ್ದರು. ಹೋಗಬಾರದಿತ್ತು. ಪಕ್ಕದ ಇಟಾಸ್ಕಾದಲ್ಲಿ ಆಫೀಸಿರುವ ಗಿರೀಶ ಎಂಬ ಅವರ ಸ್ನೇಹಿತನೂ ಸಂಸಾರ ಸಮೇತ ಬಂದಿದ್ದ. ಬಂದವನೇ ಸೋಫಾದ ನಡುವೆ ಕೂತು ಎಕಾನಮಿಯನ್ನು ರಿಪೇರಿ ಮಾಡತೊಡಗಿದ. ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದ.

“ಮಗಳು ಏನ್ ಮಾಡ್ಕೊಂಡಿದಾಳೆ ಅಂಕಲ್?”

“ಸ್ಕೀಯರ್.”

“ಅದು ಹಾಬಿ ಆಯ್ತು. ಕೆಲಸ ಏನು ಅಂತ ಕೇಳ್ದೆ.”

“ಅದೇ ಕೆಲಸ.”

“ಓ, ಅಂದ್ರೆ ಇನ್ನೂ ಸೆಟ್ಲ್ ಆಗಿಲ್ಲ ಅನ್ನಿ” ಎಂದು ನಕ್ಕ. ಇಂಚರ ಅಲ್ಲೇ ಎಲ್ಲರಿಗೂ ಬಿಸಿಬೇಳೆಬಾತ್ ಬಡಿಸುತ್ತಿದ್ದಳು. ಆಮೇಲೆ ಅವನ ತಟ್ಟೆಗೂ ಬಡಿಸಿದಳು.

“ಗಿರೀಶ್, ನೀವು ಯಾವತ್ತಾದ್ರೂ ಮೂರು ಆಳೆತ್ತರ ಹಾರಿ, ಪಕ್ಕದವರು ತಳ್ತಿದ್ರೂ ಎರಡು ಕಾಲ ಮೇಲೆ ಇಳಿದಿದೀರಾ?” ಎಂದೆ. “ನನ್ನ ಮನೆ ಮಾಡು ಹಾಕಿದ್ದು ಇವಳು. ಮಳೆ ಬಂದ್ರೆ ಒಂದು ಹನಿ ಒಳಗೆ ಬರಲ್ಲ. ನೀವು ಬಂದಾಗಿನಿಂದ ಆ ಸೋಫಾ ಬಿಟ್ಟು ಎದ್ದಿಲ್ಲ.”

ತನ್ಮಯಿ ಹಪ್ಪಳ ತರಲು ಎದ್ದು ಹೋದಳು. ವಿಶ್ರುತ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಅಪ್ಪ, ಅವರು ಕ್ಯಾಶುವಲ್ ಆಗಿ ಕೇಳಿದ್ರು” ಅಂದ. ನಾನೂ ಕ್ಯಾಶುವಲ್ ಆಗಿಯೇ ಹೇಳಿದೆ. ಅವಳು ಸೆಟ್ಲ್ ಆಗಿಲ್ಲ ಎನ್ನುವ ಅಧಿಕಾರ ಹೆತ್ತವನಿಗಿದೆ, ದಾರಿಯಲ್ಲಿ ಹೋಗುವವರಿಗಿಲ್ಲ.

ವಾಪಸು ಬರುವಾಗ ಇಂಚರಳೇ ಡ್ರೈವ್ ಮಾಡಿದಳು. ಗ್ಯಾರಿ ಎಂಬ ಊರು ದಾಟಿದೆವು. ಆಮೇಲೆ, “ನೆಕ್ಸ್ಟ್ ರೇಸ್ ಜುಲೈ ಹನ್ನೆರಡಕ್ಕೆ. ಫೋರ್ಕ್ ಇನ್ನೊಂಚೂರು ಸಾಫ್ಟ್ ಮಾಡಕ್ಕಾಗತ್ತಾ?” ಎಂದು ಕೇಳಿದಳು. ನೋಡೋಣ ಎಂದೆ.

ಜುಲೈ 12, ಭಾನುವಾರ

ಕೂಗಿ ಕೂಗಿ ಗಂಟಲು ಕಟ್ಟಿಹೋಗಿದೆ. ಆದ್ದರಿಂದ ಎಲ್ಲವನ್ನೂ ಇಲ್ಲೇ ಬರೆಯುತ್ತೇನೆ.

ಎರಡು ಸುತ್ತಿನ ಪಂದ್ಯ. ಮೊದಲ ಸುತ್ತಿನಲ್ಲಿ ಇಂಚರ ಮುಂದಿದ್ದಳು. ತಿರುವಿನಲ್ಲಿ ಒಬ್ಬಳು ಹಿಂದಿನಿಂದ ಬಂದು ಬೇಕೆಂದೇ ಗುದ್ದಿದಳು. ಇಂಚರ ಬೈಕಿನ ಸಮೇತ ಟ್ರ್ಯಾಕಿನಾಚೆಗೆ ಉರುಳಿದಳು. ಅವಳು ಎದ್ದು, ಬೈಕೆತ್ತಿ, ಬಿದ್ದ ಕಡೆಯಿಂದಲೇ ಒಳಗೆ ಬಂದು ಓಡಿಸಿದಳು. ಮುಗಿದ ಮೇಲೆ ಅಧಿಕಾರಿ ಏನೆಂದ ಗೊತ್ತೆ? ಇಂಚರ ತಿರುವನ್ನು ಪೂರ್ತಿ ಸುತ್ತದೆ ಅಡ್ಡದಾರಿಯಲ್ಲಿ ಬಂದಳು, ಆದ್ದರಿಂದ ಅವಳನ್ನು ಕೊನೆಯ ಸ್ಥಾನಕ್ಕೆ ಹಾಕಿದೆ ಅಂತ. ಗುದ್ದಿದವಳಿಗೆ ಒಂದು ಮಾತಿಲ್ಲ!

ನಾನು ಹಗ್ಗ ದಾಟಿ ಹೋದೆ. ದೂಡಿದ್ದರಿಂದ ಹೊರಗೆ ಹೋದವಳು ಎಲ್ಲಿಂದ ಒಳಗೆ ಬರಬೇಕಿತ್ತು, ಆಕಾಶದಿಂದಲೆ ಎಂದು ಕೇಳಿದೆ. ಕೆಸರಿನಲ್ಲಿ ಉಳಿದಿದ್ದ ಚಕ್ರದ ಗುರುತುಗಳನ್ನು ತೋರಿಸಿ ಯಾರ ಗೆರೆ ಯಾರ ಗೆರೆಯನ್ನು ದಾಟಿದೆ ಎಂದು ವಿವರಿಸಿದೆ. ಅವನು ನನ್ನ ಟೋಪಿ ನೋಡಿದ, ಚಪ್ಪಲಿ ನೋಡಿದ, “ಸರ್, ಪ್ರೇಕ್ಷಕರು ಬೇಲಿಯಾಚೆ” ಎಂದ.

“ನಾನು ಪ್ರೇಕ್ಷಕನಲ್ಲ. ಆ ಬೈಕಿನ ಸಸ್ಪೆನ್ಷನ್ ನನ್ನದು” ಎಂದೆ.

ಇಂಚರ ಬಂದು ತೋಳು ಹಿಡಿದಳು. “ಬಿಡು ಅಪ್ಪ. ಸೆಕೆಂಡ್ ರೌಂಡ್ ಇದೆ.”

“ಏನು ಬಿಡೋದು? ಅನ್ಯಾಯ ಅಲ್ವಾ?”

“ಅನ್ಯಾಯನೇ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದ್ಸಲ ನೋಡು, ಬಿದ್ದಾಗ ಏನಾದ್ರೂ ಆಗಿದ್ಯಾ ಅಂತ.”

ನೋಡಿದೆ. ಏನೂ ಆಗಿರಲಿಲ್ಲ. ಎರಡನೇ ಸುತ್ತಿನಲ್ಲಿ ಅವಳು ಸ್ಟಾರ್ಟಿನ ಗೇಟು ಬಿದ್ದ ಕ್ಷಣದಿಂದ ಕೊನೆಯವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಚಕ್ರ ನೆಲಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಗೆದ್ದಳು. ಮೊದಲ ಸುತ್ತಿನ ಲೆಕ್ಕ ಸೇರಿಸಿ ಒಟ್ಟಾರೆ ಬಹುಮಾನ ಮಾತ್ರ ಬೇರೆಯವಳಿಗೆ ಹೋಯಿತು. ದರಿದ್ರ ಅಧಿಕಾರಿ.

ಇಷ್ಟೆಲ್ಲ ಕಷ್ಟಪಟ್ಟು ಪಿಸುದನಿಯಲ್ಲಿ ಹೇಳಿದರೆ ಪದ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದರಲ್ಲಿ ನಗುವುದೇನಿದೆ?

ಜುಲೈ 26, ಭಾನುವಾರ

ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಪಶ್ಚಿಮದ ಗೋಡೆಗೆ ಹೊರಗಿನಿಂದ ಸೈಡಿಂಗ್ ಹಲಗೆ ಹೊಡೆಯುತ್ತಿದ್ದೆವು. ಒಂದು ಏಣಿಯ ಮೇಲೆ ಅವಳು, ಇನ್ನೊಂದರ ಮೇಲೆ ನಾನು, ನಡುವೆ ಉದ್ದನೆಯ ಹಲಗೆ. ಅವಳ ಫೋನು ಬಂತು. ಒಂದು ಕೈಯಲ್ಲಿ ಹಲಗೆ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ, ಇಲ್ಲ, ಈ ಸಲ ಆಗುವುದಿಲ್ಲ, ಮನೆಯಲ್ಲಿ ಕೆಲಸವಿದೆ, ನನ್ನ ಜಾಗ ಬೇರೆಯವರಿಗೆ ಕೊಡಿ ಎಂದಳು. ಫೋನನ್ನು ಜೇಬಿಗಿಟ್ಟು ಮೊಳೆ ಹೊಡೆಯಲು ಹೋದಳು.

“ಯಾರದು?”

“ಕೋಚ್. ಚಿಲಿಯಲ್ಲಿ ಈಗ ವಿಂಟರ್ ಅಲ್ವಾ, ಆಗಸ್ಟಲ್ಲಿ ಅಲ್ಲಿ ಕ್ಯಾಂಪ್ ಇದೆ. ಈ ಸೀಸನ್ ಟೀಮ್ ಅಲ್ಲೇ ಸೆಲೆಕ್ಟ್ ಮಾಡ್ತಾರೆ. ಬರಲ್ಲ ಅಂದೆ.”

ನನ್ನ ಕಡೆಯ ಹಲಗೆ ಕೈಬಿಟ್ಟು ಹೋಯಿತು. ಕೆಳಗೆ ಬಿದ್ದು ಎರಡು ಹೋಳಾಯಿತು.

“ಅಪ್ಪ!”

“ಹಲಗೆ ಹಾಳಾಗಿ ಹೋಗ್ಲಿ. ಬರಲ್ಲ ಅಂದ್ರೆ ಏನರ್ಥ?”

“ಅಪಾರ್ಟ್‌ಮೆಂಟ್ ಲೀಸ್ ಆಗಸ್ಟ್ ಕೊನೆಗೆ ಮುಗಿಯತ್ತೆ. ಸೈಡಿಂಗ್ ಅರ್ಧ ಆಗಿದೆ. ಒಳಗಡೆ ಗೋಡೆ ಆಗ್ಬೇಕು, ಇನ್ಸ್‌ಪೆಕ್ಷನ್ ಆಗ್ಬೇಕು. ನಾನು ಹೋದ್ರೆ ಯಾರು ಮಾಡ್ತಾರೆ? ಅಲ್ದೆ ನೀನೇ ತಾನೆ ಹೇಳಿದ್ದು, ಸಾಕು ನಿಲ್ಸು ಅಂತ.”

“ನಾನು ಹೇಳಿದ್ದನ್ನ ಹುಟ್ಟಿದಾಗಿನಿಂದ ಒಂದು ದಿನ ಕೇಳಿದೀಯಾ ನೀನು? ಇವತ್ತೇ ಶುರು ಮಾಡ್ಬೇಕಿತ್ತಾ?”

ಏಣಿ ಇಳಿದು ಕೆಳಗೆ ನಿಂತು ಇಬ್ಬರೂ ಕೂಗಾಡಿದೆವು. ಬಾತುಗಳು ಎದ್ದು ಹೋದವು. ಕೊನೆಗೆ ಅವಳು ಸುತ್ತಿಗೆಯನ್ನು ನೆಲಕ್ಕೆ ಹಾಕಿ, ಮುರಿದ ಹಲಗೆಯ ಮೇಲೆ ಕೂತಳು.

“ಭಯ ಆಗತ್ತೆ ಅಪ್ಪ. ಹೋದ ಸೀಸನ್ ಪೂರ್ತಿ ಫಸ್ಟ್ ರೌಂಡಲ್ಲೇ ಔಟ್ ಆಗ್ತಿದ್ದೆ. ಸ್ಕೀ ಕಂಪನಿಯವರು ಸುಮ್ಮನೆ ಬಿಟ್ರಾ? ಇಲ್ಲಾದ್ರೆ ಒಂದು ದಿನ ಕೆಲಸ ಮಾಡಿದ್ರೆ ಒಂದು ಗೋಡೆ ಏಳತ್ತೆ. ಸಾಯಂಕಾಲ ಕೈಯಲ್ಲಿ ಮುಟ್ಟಿ ನೋಡಬಹುದು.”

ಅವಳ ಕಣ್ಣಲ್ಲಿ ನೀರು. ಅವಳು ಅತ್ತದ್ದನ್ನು ನಾನು ಕೊನೆಯ ಸಲ ನೋಡಿದ್ದು ಅವಳ ಹೈಸ್ಕೂಲಿನಲ್ಲಿ. ಪಕ್ಕದಲ್ಲಿ ಕೂತೆ. ಕೂತು ಬೈದೆ.

“ಹಲಗೆಗೆ ಮೊಳೆ ಹೊಡೆಯೋಕೆ ಯಾರಾದ್ರೂ ಸಿಗ್ತಾರೆ. ನಾನೇ ಹೊಡೀತೀನಿ, ಸೊಟ್ಟ ಹೋದ್ರೆ ಹೋಗ್ಲಿ. ಗೋಡೆ ಹಿಂದೆ ಬಚ್ಚಿಟ್ಟುಕೊಳ್ಳೋಕೆ ನಿನಗೆ ಮನೆ ಬೇಕಾ? ಅದಕ್ಕೆ ನನ್ನ ಮನೆ ಕೊಡಲ್ಲ. ಫೋನ್ ಮಾಡು ಅವನಿಗೆ.”

ಅವಳು ಟ್ರಕ್ಕಿನಲ್ಲಿ ಬಹಳ ಹೊತ್ತು ಒಬ್ಬಳೇ ಕೂತಿದ್ದಳು. ಆಮೇಲೆ ಫೋನು ಮಾಡಿದಳು. ಜಾಗ ಆಗಲೇ ಬೇರೆಯವರಿಗೆ ಹೋಗಿದೆಯಂತೆ. ಬೇಕಾದರೆ ಬಂದು ಎಲ್ಲರ ಜೊತೆ ಓಡಲಿ, ಭರವಸೆ ಏನೂ ಇಲ್ಲ ಎಂದನಂತೆ ಆ ಮಹಾನುಭಾವ. ಒಂದು ಗಂಟೆಯಲ್ಲಿ ಜಾಗ ಕೊಟ್ಟುಬಿಡುತ್ತಾನೆಂದರೆ ಎಂಥ ಕೋಚು!

ಆಗಸ್ಟ್ 9, ಭಾನುವಾರ

ವಿಶ್ರುತ, ತನ್ಮಯಿ ಕಾರಿನ ತುಂಬ ಸಾಮಾನು ಹೇರಿಕೊಂಡು ಬಂದರು. ಎರಡು ದಿನಕ್ಕೆ ಇಷ್ಟು ಸಾಮಾನೇಕೆ ಎಂದುಕೊಂಡೆ. ಬಂದವನೇ ಗೋಡೆಯೊಳಗೆ ಗಾಜಿನ ನಾರಿನ ಇನ್ಸುಲೇಷನ್ ತುಂಬಲು ನಿಂತ. ತೋಳಿಲ್ಲದ ಬನಿಯನ್ ಹಾಕಿಕೊಂಡು, ಇಂಚರ ಬೇಡವೆಂದರೂ ಕೇಳದೆ. ಸಂಜೆಗೆ ಮೈಯೆಲ್ಲ ತುರಿಕೆ. ತುರಿಸಿಕೊಳ್ಳುತ್ತಲೇ ಹೇಳಿದ: “ಅಪ್ಪ, ನನ್ನ ಪ್ರಾಜೆಕ್ಟ್ ಮೇ ತಿಂಗಳಲ್ಲೇ ನಿಂತು ಹೋಯ್ತು. ನಮಗಿರೋಕೆ ಬೇಸ್‌ಮೆಂಟ್ ಯಾವಾಗ ರೆಡಿ ಆಗತ್ತೆ?”

ಡೆಡ್ ಇನ್ವೆಸ್ಟ್‌ಮೆಂಟ್ ಎಂದವನ ಬಾಯಿಂದ ಈ ಪ್ರಶ್ನೆ! ನಾಲಿಗೆಯ ತುದಿಗೆ ಬಂದ ಮಾತನ್ನು ಇಂಚರಳ ಮುಖ ನೋಡಿ ನುಂಗಿಕೊಂಡೆ. ಮೂರು ತಿಂಗಳು ನಮಗೆ ಹೇಳದೆ, ದಿನಾ ಟೈ ಕಟ್ಟಿ ಲೈಬ್ರರಿಗೆ ಹೋಗುತ್ತಿದ್ದನಂತೆ. ಅವನ ತುರಿಕೆಗೆ ಕ್ಯಾಲಮೈನ್ ಹಚ್ಚಿದ್ದು ನಾನೇ.

ಇಂಚರ ಅವನಿಗೆ ಗೋಡೆಯ ಡ್ರೈವಾಲ್ ಹಲಗೆ ಕತ್ತರಿಸುವುದನ್ನು ಕಲಿಸುತ್ತಿದ್ದಾಳೆ. ಬುದ್ಧಿವಂತ, ಕಲಿಯುತ್ತಾನೆ. ಏಣಿ ಕಂಡರೆ ಮಾತ್ರ ಹೆದರಿಕೆ.

ಆಗಸ್ಟ್ 14, ಶುಕ್ರವಾರ

ಇಂಚರಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಕೌಂಟರಿನವನು ಸ್ಕೀ ಚೀಲಕ್ಕೆ ಗಾಲ್ಫ್ ಎಂದು ಚೀಟಿ ಅಂಟಿಸಿದ. ಗಾಲ್ಫ್! ತೆಗೆಸಿದೆ. ಸ್ಕೀ ಕ್ರಾಸ್ ಎಂದರೆ ಏನು, ಅದರಲ್ಲಿ ಎಷ್ಟು ಜನ ಒಟ್ಟಿಗೆ ಓಡುತ್ತಾರೆ, ಇಳಿಯುವಾಗ ಮಂಡಿ ಹೇಗೆ ಭಾರ ತಡೆಯಬೇಕು ಎಂದು ತಿಳಿಸಿ ಹೇಳಿದೆ. ಹಿಂದಿನವರು ಗೊಣಗಿದರು, ಗೊಣಗಲಿ.

ಇಂಚರ ಹೋಗುವಾಗ “ಹಾರ್ನೆಸ್ ಹಾಕ್ಕೋ ಅಪ್ಪ” ಎಂದಳು.

ಆಗಸ್ಟ್ 20, ಗುರುವಾರ

ಸೈಡಿಂಗ್ ಮುಗಿಯಿತು. ಸಂಜೆ ಗೋಡೆಯನ್ನು ಕೈಯಲ್ಲಿ ಮುಟ್ಟಿ ನೋಡಿದೆ.

ಆಗಸ್ಟ್ 27, ಗುರುವಾರ

ಟೌನ್‌ಶಿಪ್ ಇನ್ಸ್‌ಪೆಕ್ಟರ್ ಬಂದಿದ್ದ. ಎಲ್ಲ ಬಾಗಿಲು ತೆರೆದ, ಎಲ್ಲ ಸ್ವಿಚ್ಚು ಒತ್ತಿದ. ಕೆಳಗಿನ ಅಂತಸ್ತಿನಲ್ಲಿ ವಾಸಕ್ಕೆ ಒಪ್ಪಿಗೆ ಕೊಟ್ಟ, ಮೇಲಿನದು ಮುಗಿದ ಮೇಲೆ ನೋಡುತ್ತೇನೆ ಎಂದ. ಮಾಡಿನ ಕೆಲಸ ಅಚ್ಚುಕಟ್ಟಾಗಿದೆ, ಯಾವ ಕಂಪನಿ ಎಂದು ಕೇಳಿದ. ಹೇಳಿದೆ. ನಂಬಿದಂತೆ ಕಾಣಲಿಲ್ಲ. ಸರ್ಕಾರಿ ನೌಕರರೇ ಹೀಗೆ.

ಚಿಲಿಯಿಂದ ಸುದ್ದಿಯಿಲ್ಲ. ಕೇಳಬೇಡಿ, ಅವಳೇ ಹೇಳ್ತಾಳೆ ಎಂದು ಪದ್ಮ ನನ್ನ ಫೋನನ್ನು ಕಿತ್ತಿಟ್ಟುಕೊಂಡಿದ್ದಾಳೆ.

ಆಗಸ್ಟ್ 30, ಭಾನುವಾರ. ಸೌತ್ ಲಯನ್

ಭಾದ್ರಪದದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತವೇ ಇಲ್ಲ ಎಂದರು ಪುರೋಹಿತರು. ಲೀಸ್ ಮುಗಿಯುವುದು ಭಾದ್ರಪದದಲ್ಲೇ ಎಂದರೆ ನಾವೇನು ಮಾಡುವುದು? ಸದ್ಯಕ್ಕೆ ಹಾಲು ಉಕ್ಕಿಸಿ ಒಳಗೆ ಹೋಗಿ, ಶಾಸ್ತ್ರ ಮುಂದೆ ಮಾಡೋಣ ಎಂದು ಫೋನಿನಲ್ಲೇ ಮುಗಿಸಿದರು. ಅವರ ಮೇಲಿನ ಕೋಪದಲ್ಲಿ ನಾನೇ ನಿಂತು ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಒಲೆಗೆ ಅರಿಶಿನ ಕುಂಕುಮ, ಹೊಸ ಪಾತ್ರೆ. ಹಾಲು ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದು ಎಂದು ನಮ್ಮಮ್ಮ ಹೇಳುತ್ತಿದ್ದರು. ಪಾತ್ರೆಯನ್ನು ಆ ಕಡೆಗೆ ಕೂದಲೆಳೆಯಷ್ಟು ವಾಲಿಸಿಯೂ ಇಟ್ಟಿದ್ದೆ. ಇಂಜಿನಿಯರ್ ಆಗಿದ್ದಕ್ಕೆ ಅಷ್ಟೂ ಮಾಡದಿದ್ದರೆ ಹೇಗೆ?

ಎಲ್ಲರೂ ಒಲೆಯ ಸುತ್ತ ನಿಂತು ನೋಡುತ್ತಿದ್ದೆವು. ಹಾಲಿನ ಅಂಚಿನಲ್ಲಿ ನೊರೆ ಕಟ್ಟುವ ಹೊತ್ತಿಗೆ ಸರಿಯಾಗಿ ಪದ್ಮಳ ಸೆರಗಿನಲ್ಲಿ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು.

“ಅಪ್ಪ ಇದಾನಾ?”

“ಇದೀನಿ, ಹೇಳು.”

“ಬ್ರೇಕ್‌ಫಾಸ್ಟಲ್ಲಿ ಹೆಸರು ಓದಿದ್ರು.” ಹಿಂದೆ ಗಾಳಿಯ ಸದ್ದು. “ನಿನ್ನೆ ಫೈನಲ್ ತನಕ ಬಂದಿದ್ದೆ ಅಪ್ಪ. ಫೈನಲಲ್ಲಿ ಮೂರನೇದು. ಮೊದಲ ಎರಡು ರೇಸ್‌ಗೆ ನನ್ನ ತಗೊಂಡಿದಾರೆ. ಅದ್ರಲ್ಲಿ ಚೆನ್ನಾಗಿ ಮಾಡಿದ್ರೆ ಆಮೇಲಿಂದು.”

ವಿಶ್ರುತ ತಂಗಿಯ ಹೆಸರು ಹಿಡಿದು ಕೂಗಿದ. ತನ್ಮಯಿ ಅವನ ಕತ್ತಿಗೆ ಜೋತುಬಿದ್ದಳು. ಪದ್ಮ ಫೋನಿಗೇ ಮುತ್ತು ಕೊಡುತ್ತ ಅಳುತ್ತಿದ್ದಳು.

“ಎರಡೇ ರೇಸಾ?” ಎಂದು ನಾನು ಗುಡುಗಿದೆ. “ಫೈನಲ್ ತನಕ ಬಂದವಳಿಗೆ ಎರಡೇ ರೇಸಾ? ಕೊಡು ಆ ಕೋಚಿಗೆ ಫೋನು!”

ಅಷ್ಟರಲ್ಲಿ ಅಡುಗೆಮನೆಯ ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿಟಾರನೆ ಕಿರುಚಿಕೊಂಡಿತು. ತಿರುಗಿ ನೋಡಿದರೆ ಹಾಲು ಯಾವಾಗಲೋ ಉಕ್ಕಿ, ಹರಿದು, ಸೀದು ಹೊಗೆಯೇಳುತ್ತಿದೆ. ವಿಶ್ರುತ ಒಂದೇ ನೆಗೆತಕ್ಕೆ ಏಣಿ ಹತ್ತಿ ಅಲಾರಂ ಕಿತ್ತ. ಫೋನಿನಲ್ಲಿ ಇಂಚರ, “ಏನಾಯ್ತು? ಮನೆಗೆ ಬೆಂಕಿ ಬಿತ್ತಾ?” ಎಂದು ನಗುತ್ತಿದ್ದಳು.

ಇಷ್ಟು ದಿನ ಕಷ್ಟಪಟ್ಟು ಕಟ್ಟಿದ ಮನೆಯಲ್ಲಿ ಮೊದಲ ಹಾಲು ಯಾವ ಕಡೆಗೆ ಉಕ್ಕಿತು ಎಂದು ಒಬ್ಬರೂ ನೋಡಿಲ್ಲ! ಒಬ್ಬರಿಗಾದರೂ ಜವಾಬ್ದಾರಿ ಬೇಡವೆ?

“ಎಲ್ಲಾ ಕಡೆಗೂ ಹರಿದಿದೆ ರೀ” ಎಂದಳು ಪದ್ಮ, ಕಣ್ಣೊರೆಸಿಕೊಂಡ ಸೆರಗಿನಲ್ಲೇ ಒಲೆ ಒರೆಸುತ್ತ.

“ಪೂರ್ವಕ್ಕೆ ಹೋಗಿದೆಯಾ, ಅದನ್ನ ನೋಡು.”

“ಪೂರ್ವಕ್ಕೂ ಹೋಗಿದೆ. ಬನ್ನಿ, ಈ ಕಡೆ ಒಂದು ಬಟ್ಟೆ ಹಿಡ್ಕೊಳ್ಳಿ.”